ಓದಲು ಚೆಂದ, ಆಡಿಸಲು ಕಷ್ಟ: ಅಚ್ಚಾದ ಅಡ್ವೆಂಚರ್‌ಗಳು ಯಾಕೆ ಹೀಗಿರುತ್ತವೆ?

ಇಪ್ಪತ್ತುಮುಖ

ಎಲ್ಲರಿಗೂ ನಮಸ್ಕಾರ. ಇಲ್ಲಿ ಗೇಮ್ ಮಾಸ್ಟರ್‌ಗಳು (ಜಿಎಂ), ಅಂದರೆ ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಕಥೆಯಾಟವನ್ನು ನಡೆಸಿಕೊಡುವವರು, ಜಾಸ್ತಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಸದ್ಯ ಒಂದು ದಪ್ಪ ಕ್ಯಾಂಪೇನ್ ಪುಸ್ತಕ, ಅಂದರೆ ತಿಂಗಳುಗಟ್ಟಲೆ ಆಡುವ ಉದ್ದನೆ ಅಡ್ವೆಂಚರ್ (ಆಡಿಸಲು ಬರೆದಿಟ್ಟ ಕಥೆ, ಜಾಗ, ಪಾತ್ರಗಳು), ಆಡಿಸುತ್ತಿದ್ದೇನೆ. ಹೆಸರು ಬೇಡ, ಸುಮ್ನೆ ಜಗಳ ಆಗುತ್ತದೆ. ಓದುವಾಗ ಕೆಳಗಿಡಲು ಮನಸ್ಸಾಗಲಿಲ್ಲ. ಚಿತ್ರಗಳು ಅದ್ಭುತ. ಖಳನಾಯಕಿಯ ಹಿನ್ನೆಲೆಯಂತೂ ಒಂದು ಕಾದಂಬರಿಗೆ ಸಾಕು. ಆದರೆ ಆಟಕ್ಕೆ ಕೂತಾಗ ಅದೇ ಪುಸ್ತಕ ಕೈಕೊಡುತ್ತದೆ. ಆಟಗಾರರು ಊರಿನ ಕಮ್ಮಾರನನ್ನು ಮಾತಾಡಿಸಿದರು. ಅವನು ಶತ್ರುಗಳಿಗೆ ಗುಟ್ಟಾಗಿ ಕತ್ತಿ ಮಾಡಿಕೊಡುತ್ತಿದ್ದಾನೆ ಎನ್ನುವ ಮಾತು ಅವನ ವಿವರದಲ್ಲೇ ಇಲ್ಲ. ಅದು ಬರುವುದು ಎರಡು ಅಧ್ಯಾಯ ಕಳೆದ ಮೇಲೆ, ಶತ್ರುಗಳ ಆಯುಧದ ಕೋಣೆಯ ಕೊನೇ ಸಾಲಿನಲ್ಲಿ. ಅಷ್ಟೊತ್ತಿಗೆ ಕಮ್ಮಾರ ನಮ್ಮ ಆಟಗಾರರಿಗೆ ಜೀವದ ಗೆಳೆಯ ಆಗಿಬಿಟ್ಟಿದ್ದ!

ಹೀಗಾಗಿ ಪ್ರತಿ ಸೆಷನ್‌ಗೂ ಮುಂಚೆ ಕೂತು ಪುಸ್ತಕದಿಂದ ನೋಟ್ಸ್ ಮಾಡಿಕೊಳ್ಳಬೇಕು. ತಯಾರಿಯ ಹೊತ್ತು ಉಳಿಯಲಿ ಅಂತ ತಾನೇ ನಾವು ಅಚ್ಚಾದ ಅಡ್ವೆಂಚರ್ ಕೊಳ್ಳುವುದು? ಸ್ವಂತದ್ದು ಕಟ್ಟಿದ್ದರೆ ಇದಕ್ಕಿಂತ ಬೇಗ ಮುಗಿಯುತ್ತಿತ್ತು. ಆಡಿಸುವಾಗ ನಿಜಕ್ಕೂ ಕೆಲಸಕ್ಕೆ ಬರುವ ವಿನ್ಯಾಸ ಅಂದರೆ ಯಾವುದು? ಯಾರಾದರೂ ಬಿಡಿಸಿ ಹೇಳಿ.

ಹಳೇದಾಳ

ಈ ರೋಗ ಹಳೇದು. ಸ್ವಲ್ಪ ಹಿಂದಕ್ಕೆ ಹೋದರೆ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಬಂದಾಗ ಡಂಜನ್ (ಆಟಗಾರರು ಹೊಕ್ಕು ಹುಡುಕುವ ನೆಲಮಾಳಿಗೆ, ಗುಹೆ) ಕಟ್ಟುವುದು ಜಿಎಂ ಕೆಲಸ ಅಂತಲೇ ಎಲ್ಲರ ಲೆಕ್ಕ. ಮಜಾ ಇರುವುದೇ ಅದರಲ್ಲಿ, ಅದನ್ನು ಯಾರು ದುಡ್ಡು ಕೊಟ್ಟು ಕೊಳ್ಳುತ್ತಾರೆ? ಮರುವರ್ಷ 'ಬ್ಲ್ಯಾಕ್‌ಮೂರ್' ಪೂರಕ ಪುಸ್ತಕದಲ್ಲಿ ಆರ್ನೆಸನ್ ಅವರದೇ ಒಂದು ಅಡ್ವೆಂಚರ್ ಸೇರಿತ್ತು. 1976ರಲ್ಲಿ ವೀ ವಾರಿಯರ್ಸ್ ಅನ್ನುವ ಪುಟ್ಟ ಸಂಸ್ಥೆ 'ಪ್ಯಾಲೇಸ್ ಆಫ್ ದಿ ವ್ಯಾಂಪೈರ್ ಕ್ವೀನ್' ತಂದಿತು. ಬಿಡಿಯಾಗಿ ಮಾರಾಟಕ್ಕೆ ಬಂದ ಮೊದಲ ಅಡ್ವೆಂಚರ್ ಅಂತ ಸಾಮಾನ್ಯವಾಗಿ ಇದನ್ನೇ ಹೇಳುತ್ತಾರೆ. ಕೋಣೆಯ ನಂಬರು, ಒಳಗೆ ಏನಿದೆ ಅನ್ನುವ ಪಟ್ಟಿ, ನಕ್ಷೆ. ಹೆಚ್ಚುಕಡಿಮೆ ಅಷ್ಟೇ.

ಆ ಆಟದ ಪ್ರಕಾಶನ ಸಂಸ್ಥೆ ಟಿಎಸ್‌ಆರ್ ತಾನೇ ಮಾಡ್ಯೂಲ್ (ಬಿಡಿ ಅಡ್ವೆಂಚರ್ ಪುಸ್ತಕ) ಮಾರಲು ಇಳಿದಿದ್ದು 1978ರಲ್ಲಿ. ಇಲ್ಲೇ ವಿಷಯ ಇರುವುದು. ಆ ಮೊದಲ ಮಾಡ್ಯೂಲ್‌ಗಳಲ್ಲಿ ಹಲವು ಟೂರ್ನಮೆಂಟ್‌ನಿಂದ ಬಂದವು. 'ಟೂಮ್ ಆಫ್ ಹಾರರ್ಸ್' 1975ರ ಒರಿಜಿನ್ಸ್ ಸಮ್ಮೇಳನದಲ್ಲಿ ಸ್ಪರ್ಧೆಗೆ ಆಡಿಸಿದ ಡಂಜನ್. ಮೂರು ವರ್ಷ ಬಿಟ್ಟು ಅಚ್ಚಾಯಿತು. ಸ್ಪರ್ಧೆ ಅಂದಮೇಲೆ ಬೇರೆ ಬೇರೆ ಜಿಎಂಗಳು, ಬೇರೆ ಬೇರೆ ತಂಡಗಳು, ಆದರೆ ಅಂಕ ಕೊಡುವ ಅಳತೆ ಒಂದೇ. ಎಲ್ಲರೂ ಒಂದೇ ಮಾತು ಕೇಳಿರಬೇಕು, ಒಂದೇ ಕೋಣೆಗಳನ್ನು ನೋಡಿರಬೇಕು. ಗಟ್ಟಿಯಾಗಿ ಓದುವ ಪಠ್ಯ, ನಂಬರಿನ ಸಾಲು, ಬಿಗಿಯಾದ ದಾರಿ, ಇವೆಲ್ಲ ಅಲ್ಲಿಗೆ ಸರಿ. ಮನೆಯಲ್ಲಿ ತಿಂಗಳುಗಟ್ಟಲೆ ನಡೆಯುವ ಆಟಕ್ಕೆ ಅಷ್ಟು ಬಿಗಿ ಬೇಕಿಲ್ಲ. ಆದರೂ ಅದೇ ಅಚ್ಚು ಉಳಿದುಕೊಂಡಿತು.

ಎಲ್ಲರೂ ಅದೇ ದಾರಿ ಹಿಡಿಯಲಿಲ್ಲ ಅನ್ನಿ. ಮೈಕ್ ಕಾರ್ ಬರೆದ 'ಇನ್ ಸರ್ಚ್ ಆಫ್ ದಿ ಅನ್‌ನೋನ್' ನೋಡಿ, ಅದೂ ಆ ಕಾಲದ್ದೇ. ಕೋಣೆಗಳ ವಿವರ ಇದೆ, ಆದರೆ ರಾಕ್ಷಸರ ಜಾಗ, ನಿಧಿಯ ಜಾಗ ಖಾಲಿ. ಹಿಂದೆ ಎರಡು ಪಟ್ಟಿ ಕೊಟ್ಟಿದ್ದಾರೆ, ನೀವೇ ಆರಿಸಿ ತುಂಬಬೇಕು. ತುಂಬಿದ ಜಿಎಂಗೆ ಯಾವ ಕೋಣೆಯಲ್ಲಿ ಏನಿದೆ ಅಂತ ಪುಸ್ತಕ ನೋಡಬೇಕಾಗಿಯೇ ಇಲ್ಲ. ಆಡಿಸುವವರ ತಲೆ ಹೇಗೆ ಕೆಲಸ ಮಾಡುತ್ತದೆ ಅಂತ ಆಗಲೇ ಒಬ್ಬರು ಯೋಚಿಸಿದ್ದರು.

ಪುಟಕಟ್ಟುವವಳು

ನನ್ನ ಕೆಲಸವೇ ಪುಟ ವಿನ್ಯಾಸ. ಇತಿಹಾಸ ಹಳೇದಾಳ ಅವರಿಗೆ ಬಿಡುತ್ತೇನೆ. ಒಂದೇ ಒಂದು ಕೋಣೆ ತೆಗೆದುಕೊಂಡು ತೋರಿಸುತ್ತೇನೆ. ಇದು ನಾನೇ ಈಗ ಬರೆದಿದ್ದು, ಆದರೆ ಇಂಥದ್ದನ್ನು ನೀವೆಲ್ಲ ನೋಡಿರುತ್ತೀರಿ:

"ಕೋಣೆ 7, ಗ್ರಂಥಾಲಯ. ಇನ್ನೂರು ವರ್ಷಗಳ ಹಿಂದೆ ಸನ್ಯಾಸಿಗಳು ಈ ಕೋಣೆಯನ್ನು ಕಟ್ಟಿಸಿದರು. ಮೂರನೇ ಮಠಾಧಿಪತಿ ಇಲ್ಲಿ ಅಪರೂಪದ ಪುಸ್ತಕಗಳನ್ನು ಕೂಡಿಟ್ಟಿದ್ದನು. ಪಿಡುಗು ಬಂದ ವರ್ಷ ಸನ್ಯಾಸಿಗಳು ಮಠ ಬಿಟ್ಟು ಓಡಿದರು. ನಂತರ ಬಂದ ಕಳ್ಳರು ಚಳಿ ಕಾಯಿಸಲು ಪುಸ್ತಕಗಳನ್ನೆಲ್ಲ ಸುಟ್ಟರು. ಈಗ ಖಾಲಿ ಕಪಾಟುಗಳು ಮಾತ್ರ ಉಳಿದಿವೆ. ಉತ್ತರದ ಕಪಾಟಿನ ಹಿಂದೆ ಗುಪ್ತ ಬಾಗಿಲು ಇದೆ. ಛಾವಣಿಯಲ್ಲಿ ಬಲೆ ಕಟ್ಟಿರುವ ದೈತ್ಯ ಜೇಡವೊಂದು ಯಾರಾದರೂ ಒಳಬಂದ ಕೂಡಲೇ ಮೇಲಿನಿಂದ ಎರಗುತ್ತದೆ."

ಜೇಡ ಎಲ್ಲಿದೆ ನೋಡಿ. ಕೊನೇ ಸಾಲಿನಲ್ಲಿ! ಜಿಎಂ ಮೊದಲ ಸಾಲು ಓದುತ್ತಿರುವಾಗಲೇ ಆಟಗಾರರು "ಒಳಗೆ ಹೋದೆವು" ಅನ್ನುತ್ತಾರೆ. ಜಿಎಂ ಸನ್ಯಾಸಿಗಳನ್ನು ದಾಟಿ, ಮಠಾಧಿಪತಿಯನ್ನು ದಾಟಿ, ಕಳ್ಳರನ್ನು ದಾಟಿ ಜೇಡದ ಹತ್ತಿರ ಬರುವಷ್ಟರಲ್ಲಿ ಒಬ್ಬ ಆಟಗಾರ ಆಗಲೇ ಕಪಾಟು ತಡಕುತ್ತಿರುತ್ತಾನೆ. ಆಮೇಲೆ "ತಡೀರಿ, ತಡೀರಿ, ಮೇಲೆ ಜೇಡ ಇತ್ತು" ಅನ್ನಬೇಕು. ಅದೇ ಕೋಣೆ ಹೀಗಿದ್ದರೆ?

"ಕೋಣೆ 7, ಸುಟ್ಟ ಗ್ರಂಥಾಲಯ
ಬಾಗಿಲಿನಿಂದ ಕಾಣುವುದು: ಎತ್ತರದ ಖಾಲಿ ಕಪಾಟುಗಳು. ನೆಲದ ತುಂಬ ಬೂದಿ. ಛಾವಣಿಯಿಂದ ಜೋತುಬಿದ್ದ ದಪ್ಪ ಬಲೆ.
ಜೇಡ: ಬಲೆಯ ಹಿಂದೆ. ಯಾರಾದರೂ ನಡುಕೋಣೆಗೆ ಬಂದರೆ ಎರಗುತ್ತದೆ. ಬೆಂಕಿ ಕಂಡರೆ ಹಿಂದೆ ಸರಿಯುತ್ತದೆ.
ಬೂದಿ: ಕೆದಕಿದರೆ ಅರ್ಧ ಸುಟ್ಟ ಹಾಳೆ. ಕೋಣೆ 12ರ ಬಾವಿಯ ಚಿತ್ರ ಇದೆ.
ಉತ್ತರದ ಕಪಾಟು: ಮುಂದಿನ ನೆಲದಲ್ಲಿ ಮಾತ್ರ ಬೂದಿ ಅರ್ಧ ವೃತ್ತದಲ್ಲಿ ಸರಿದುಹೋಗಿದೆ. ಎಳೆದರೆ ತೆರೆಯುತ್ತದೆ, ಕೋಣೆ 9ಕ್ಕೆ ದಾರಿ."

ಪದಗಳು ಕಡಿಮೆಯಾಗಿವೆ, ಅದು ದೊಡ್ಡ ವಿಷಯ ಅಲ್ಲ. ಸಾಲುಗಳ ಕ್ರಮ ಮುಖ್ಯ. ಆಟ ನಡೆಯುವ ಕ್ರಮದಲ್ಲೇ ಬರಹವೂ ನಡೆಯುತ್ತದೆ. ಮೊದಲು ಕಾಣುವುದು, ಆಮೇಲೆ ಮೈಮೇಲೆ ಬರುವುದು, ಆಮೇಲೆ ಕೈಹಾಕಿದರೆ ಸಿಗುವುದು. ಸನ್ಯಾಸಿಗಳು ಹೋದರು, ಯಾಕೆಂದರೆ ಅವರ ಕಥೆ ಆಟಗಾರರಿಗೆ ಗೊತ್ತಾಗಲು ಆ ಕೋಣೆಯಲ್ಲಿ ದಾರಿಯೇ ಇರಲಿಲ್ಲ. ಕಳ್ಳರ ಬೆಂಕಿ ಉಳಿಯಿತು, ಅದು ಈಗ ನೆಲದ ಮೇಲೆ ಬೂದಿಯಾಗಿ ಬಿದ್ದಿದೆ. ಗುಪ್ತ ಬಾಗಿಲಿಗೂ ಒಂದು ಗುರುತು ಸಿಕ್ಕಿತು. ಮೊದಲಿನದರಲ್ಲಿ ದಾಳದಲ್ಲಿ ಬೇಕಾದ ಸಂಖ್ಯೆ ಬಿದ್ದರೆ ಮಾತ್ರ ಬಾಗಿಲು ಸಿಗುವುದು. ಇಲ್ಲಿ ಆಟಗಾರರು ಕಣ್ಣುಬಿಟ್ಟು ಕೇಳಿಸಿಕೊಂಡರೂ ಸಾಕು.

ಗೇವಿನ್ ನಾರ್ಮನ್ ಅವರ ನೆಕ್ರಾಟಿಕ್ ನೋಮ್ ಸಂಸ್ಥೆ ಈ ರೀತಿಯನ್ನು ಪಕ್ಕಾ ಪದ್ಧತಿ ಮಾಡಿಕೊಂಡಿದೆ. 2019ರ 'ವಿಂಟರ್ಸ್ ಡಾಟರ್' ತೆರೆದು ನೋಡಿ. ದಪ್ಪ ಅಕ್ಷರದಲ್ಲಿ ವಸ್ತು, ಪಕ್ಕದಲ್ಲಿ ನಾಲ್ಕೈದು ಪದದ ವಿವರ. ಕಣ್ಣು ಹಾಯಿಸಿದರೆ ಕೋಣೆ ತಲೆಗೆ ಬಂದಿರುತ್ತದೆ.

ಪದಕ್ಕಿಷ್ಟು

ಮೇಡಂ, ನಿಮ್ಮ ಎರಡನೇ ಕೋಣೆ ಚೆನ್ನಾಗಿದೆ. ಆದರೆ ಅದನ್ನು ಬರೆದವರಿಗೆ ಸಿಗುವುದು ಮೊದಲನೆಯದಕ್ಕಿಂತ ಕಡಿಮೆ ದುಡ್ಡು. ನಾನು ಬರೆಯುವ ಕಡೆಯವನು, ಅದಕ್ಕೇ ಈ ಹೆಸರು ಇಟ್ಟುಕೊಂಡಿದ್ದು.

ಈ ರಂಗದಲ್ಲಿ ಹೊರಗಿನಿಂದ ಬರೆಯುವವರಿಗೆ ಸಂಭಾವನೆ ಸಾಮಾನ್ಯವಾಗಿ ಪದದ ಲೆಕ್ಕ. ಇಷ್ಟು ಸಾವಿರ ಪದ ಬೇಕು ಅಂತ ಮೊದಲೇ ಹೇಳುತ್ತಾರೆ. ಜೇಡದ ಸಾಲನ್ನು ಮೇಲಕ್ಕೆ ತರಲು, ಅರ್ಧ ವೃತ್ತದ ಗುರುತು ಹೊಳೆಯಲು ಒಂದು ಮಧ್ಯಾಹ್ನ ಬೇಕು. ಮಠಾಧಿಪತಿಯ ಕಥೆಗೆ ಹತ್ತು ನಿಮಿಷ ಸಾಕು. ಪದದ ಲೆಕ್ಕದಲ್ಲಿ ಮಠಾಧಿಪತಿಯೇ ಗೆಲ್ಲುತ್ತಾನೆ. ಬರೆಯುವವರು ಸೋಮಾರಿಗಳು ಅಂತ ಬೈಯುವ ಮೊದಲು ಇದೊಂದು ಗಮನಿಸಿ.

ಇನ್ನೊಂದು ತೊಡಕು. ಬರೆಯುವವರು ಒಬ್ಬರು, ನಕ್ಷೆ ಬಿಡಿಸುವವರು ಇನ್ನೊಬ್ಬರು, ಪುಟ ಕಟ್ಟುವವರು ಮೂರನೆಯವರು. ಮೂವರೂ ಒಂದೇ ಹೊತ್ತಿಗೆ ಒಟ್ಟಿಗೆ ಕೂರುವುದೇ ಅಪರೂಪ. ನಕ್ಷೆ ಬಿಡಿಸಿ ಆದಮೇಲೆ ಸಂಪಾದಕರು ಒಂದು ಕೋಣೆ ತೆಗೆಸುತ್ತಾರೆ. ಪುಸ್ತಕದಲ್ಲಿ ಕೋಣೆ 14 ಇರುತ್ತದೆ, ನಕ್ಷೆಯಲ್ಲಿ 14 ಎಲ್ಲಿ ಅಂತ ಹುಡುಕಬೇಕು.

ಹಾಗಂತ ಎಲ್ಲವನ್ನೂ ನಾಲ್ಕು ಪದಕ್ಕೆ ಇಳಿಸುವುದನ್ನೂ ನಾನು ಒಪ್ಪುವುದಿಲ್ಲ. "ಜೇಡ ಬೆಂಕಿ ಕಂಡರೆ ಹಿಂದೆ ಸರಿಯುತ್ತದೆ" ಅಂದಿರಿ. ಯಾಕೆ? ಆಟಗಾರರು ಜೇಡದ ಜೊತೆ ಮಾತಾಡುವ ಮಂತ್ರ ಹಾಕಿದರೆ ಜಿಎಂ ಏನು ಹೇಳಬೇಕು? ಕಳ್ಳರ ಬೆಂಕಿಯಲ್ಲಿ ಅದರ ಮೊಟ್ಟೆಗಳು ಸುಟ್ಟವು ಅಂತ ಒಂದು ಸಾಲು ಇದ್ದರೆ ಇಡೀ ಸಂಭಾಷಣೆ ತಾನಾಗಿ ಹುಟ್ಟುತ್ತದೆ. ಪುಸ್ತಕದಲ್ಲಿ ಇಲ್ಲದ ಪ್ರಶ್ನೆಗೆ ಉತ್ತರ ಕಟ್ಟಲು ಜಿಎಂಗೆ ಬೇಕಾದದ್ದು ಕಾರಣಗಳು. ಚುಟುಕು ಶೈಲಿಯಲ್ಲಿ ಮೊದಲು ಕತ್ತರಿ ಬೀಳುವುದು ಅವಕ್ಕೇ.

ಪುಟಕಟ್ಟುವವಳು

ಮೊಟ್ಟೆಯ ಸಾಲು ನನಗೂ ಬೇಕು, ಸರ್. ಜೇಡದ ಪಕ್ಕದಲ್ಲೇ ಹಾಕೋಣ. ಮಠಾಧಿಪತಿ ಮಾತ್ರ ಬೇಡ.

ಓದುಗಮಾತ್ರ

ನನಗೆ ಆಡಲು ತಂಡವೇ ಇಲ್ಲ. ಆದರೂ ಅಡ್ವೆಂಚರ್ ಕೊಂಡು ಓದುತ್ತೇನೆ. ನನ್ನಂಥವರು ಕಡಿಮೆ ಏನಿಲ್ಲ. ನನಗೆ ಮಠಾಧಿಪತಿ ಬೇಕು! ಆ ಚುಟುಕು ಕೋಣೆ ಓದಿದರೆ ಸಾಮಾನಿನ ಪಟ್ಟಿ ಓದಿದ ಹಾಗಾಗುತ್ತದೆ. ಓದುವವರೂ ದುಡ್ಡು ಕೊಟ್ಟೇ ಕೊಳ್ಳುತ್ತೇವೆ ಅಲ್ವಾ? ಪ್ರಕಾಶಕರು ನಮ್ಮನ್ನೂ ನೋಡಿಕೊಂಡರೆ ತಪ್ಪೇನು?

ಹಳೇದಾಳ

ತಪ್ಪಿಲ್ಲ. ಆದರೆ ಒಂದೇ ಪ್ಯಾರಾದಲ್ಲಿ ಇಬ್ಬರನ್ನೂ ಕೂರಿಸಬೇಡಿ ಅನ್ನುತ್ತೇನೆ. ಮಠದ ಕಥೆಯನ್ನು ಮುಂದೆ ಎರಡು ಪುಟದಲ್ಲಿ ಚೆಂದವಾಗಿ ಬರೆಯಲಿ. ನೀವು ಓದಿ ಖುಷಿಪಡಿ, ನಾನು ಒಮ್ಮೆ ಓದಿ ತಲೆಯಲ್ಲಿ ಇಟ್ಟುಕೊಳ್ಳುತ್ತೇನೆ. ಕೋಣೆ 7ಕ್ಕೆ ಬಂದಾಗ ನನಗೆ ಜೇಡ ಬೇಕು.

ಸುಮ್ನೆಆಡುವವಳು

ಆಟಗಾರ್ತಿಯಾಗಿ ಒಂದೇ ವಿನಂತಿ. ಚೌಕಟ್ಟಿನ ಪಠ್ಯ, ಅಂದರೆ ಆಟಗಾರರಿಗೆ ಓದಿ ಹೇಳಲು ಪುಸ್ತಕದಲ್ಲಿ ಚೌಕಟ್ಟು ಹಾಕಿ ಕೊಟ್ಟದ್ದು, ಗಟ್ಟಿಯಾಗಿ ಓದುತ್ತೀರಲ್ಲ, ಅದು ಮೂರನೇ ಸಾಲು ದಾಟಿದರೆ ನಾವು ಕೇಳಿಸಿಕೊಳ್ಳುವುದಿಲ್ಲ. ತಲೆ ಆಡಿಸುತ್ತಿರುತ್ತೇವೆ, ಅಷ್ಟೇ. ಆಮೇಲೆ "ನಿಮ್ಮ ಬೆನ್ನುಹುರಿಯಲ್ಲಿ ಚಳಿ ಹರಿಯುತ್ತದೆ, ನೀವು ಗಾಬರಿಯಿಂದ ಹಿಂದೆ ಸರಿಯುತ್ತೀರಿ" ಅಂತ ಓದಬೇಡಿ ಪ್ಲೀಸ್. ನಾನು ಹಿಂದೆ ಸರಿಯುವುದಿಲ್ಲ, ನನ್ನ ಪಾತ್ರಕ್ಕೆ ಹುಚ್ಚು ಧೈರ್ಯ. ಅದನ್ನು ಹೇಳಬೇಕಾದವಳು ನಾನು.

ನಕ್ಷೆಹುಚ್ಚಿ

ಎಲ್ಲರೂ ಬರಹದ ಬಗ್ಗೆ ಮಾತಾಡುತ್ತಿದ್ದೀರಿ. ನಕ್ಷೆ ಕೆಟ್ಟಿದ್ದರೆ ಬರಹ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ.

ಯಾವುದಾದರೂ ಡಂಜನ್ ನಕ್ಷೆ ತೆಗೆದುಕೊಳ್ಳಿ. ಪ್ರತಿ ಕೋಣೆಗೂ ಒಂದು ಚುಕ್ಕಿ ಇಡಿ, ಬಾಗಿಲು ಇದ್ದಲ್ಲಿ ಗೆರೆ ಎಳೆಯಿರಿ. ಗೋಡೆ, ಅಳತೆ, ಚಿತ್ತಾರ ಎಲ್ಲ ಮರೆತುಬಿಡಿ. ತುಂಬಾ ಸಲ ಉಳಿಯುವುದು ಒಂದು ಉದ್ದನೆ ದಾರ, ಅದರಿಂದ ಅಲ್ಲಲ್ಲಿ ಹೊರಟ ಕುರುಡು ಕೊಂಬೆಗಳು. ನಕ್ಷೆಯಲ್ಲಿ ಸೊಟ್ಟಂಬಟ್ಟ ಕಂಡರೂ ಆಟದಲ್ಲಿ ಅದು ನೇರ ಗೆರೆ. ಆಟಗಾರರಿಗೆ ಉಳಿಯುವ ನಿರ್ಧಾರ "ಮುಂದೆ ಹೋಗೋಣವಾ ಬೇಡವಾ" ಅನ್ನುವುದೊಂದೇ.

ಜೆನೆಲ್ ಜಾಕ್ವೇಸ್ 1979ರಲ್ಲಿ ಜಡ್ಜಸ್ ಗಿಲ್ಡ್ ಪ್ರಕಾಶನಕ್ಕೆ ಮಾಡಿದ 'ಕ್ಯಾವರ್ನ್ಸ್ ಆಫ್ ಥ್ರೇಸಿಯಾ' ಮೇಲೆ ಇದೇ ಕಸರತ್ತು ಮಾಡಿ. ಒಳಗೆ ಹೋಗಲು ಹಲವು ದಾರಿ. ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಇಳಿಯಲೂ ಹಲವು ದಾರಿ, ಕೆಲವು ಬಚ್ಚಿಟ್ಟವು, ಕೆಲವು ನಡುವಿನ ಅಂತಸ್ತು ಬಿಟ್ಟು ನೇರ ಕೆಳಗೆ. ಸುತ್ತಿ ಸುತ್ತಿ ಮತ್ತೆ ಮೊದಲಿನ ಜಾಗಕ್ಕೆ ಬರುವ ಬಳಸುದಾರಿಗಳು. ಇಂಥ ನಕ್ಷೆಯಲ್ಲಿ ಆಟಗಾರರು ಓಡಿಹೋಗಬಹುದು, ಹಿಂದಿನಿಂದ ಬಂದು ಮುತ್ತಬಹುದು, ಬಲವಾದ ಶತ್ರುವನ್ನು ತಪ್ಪಿಸಿಕೊಂಡೂ ಹೋಗಬಹುದು. ಬ್ಲಾಗ್ ಬರೆಯುವ ಜಸ್ಟಿನ್ ಅಲೆಕ್ಸಾಂಡರ್ 2010ರಲ್ಲಿ ಜಾಕ್ವೇಸ್ ಅವರ ಈ ಕೌಶಲವನ್ನೇ ಬಿಡಿಸಿಟ್ಟು ಉದ್ದನೆ ಲೇಖನಮಾಲೆ ಬರೆದರು. ಈಗ ನಕ್ಷೆ ಬಿಡಿಸಲು ಕಲಿಯುವವರು ಮೊದಲು ಓದುವುದು ಅದನ್ನೇ.

ಹೊಸ ಪುಸ್ತಕಗಳು ಇದಕ್ಕೆ ಹೆದರುವುದು ಯಾಕೆ ಗೊತ್ತಾ? ಬಳಸುದಾರಿ ಇದ್ದರೆ ಆಟಗಾರರು ಕೆಲವು ಕೋಣೆ ನೋಡದೇ ಹೋಗುತ್ತಾರೆ. ಬಣ್ಣದ ಚಿತ್ರ ಹಾಕಿಸಿ, ಪುಟ ತುಂಬ ಬರೆಸಿ, ಅದನ್ನು ಯಾರೂ ನೋಡಲಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ. ಹಾಗಾಗಿ ಎಲ್ಲರನ್ನೂ ಎಲ್ಲ ಕೋಣೆಯ ಮೂಲಕವೂ ನಡೆಸುತ್ತಾರೆ. ಆಟಗಾರರು ತಪ್ಪಿಸಿಕೊಳ್ಳಬಹುದಾದ ಕೋಣೆ ಇದ್ದರೆ ಮಾತ್ರ ಅದನ್ನು ಕಂಡುಹಿಡಿದದ್ದಕ್ಕೆ ಬೆಲೆ.

ಮೂರುಸುಳಿವು

ಡಂಜನ್‌ನಲ್ಲಿ ಬಾಗಿಲು ಸಿಗದಿದ್ದರೆ ಇನ್ನೊಂದು ಬಾಗಿಲು ಹುಡುಕಬಹುದು. ಪತ್ತೇದಾರಿ ಅಡ್ವೆಂಚರ್‌ನಲ್ಲಿ ಸುಳಿವು ಸಿಗದಿದ್ದರೆ ಆಟವೇ ನಿಂತುಹೋಗುತ್ತದೆ. ಈ ಜಾತಿಯಲ್ಲಿ ಪುಸ್ತಕದ ತಪ್ಪಿಗೆ ಶಿಕ್ಷೆ ಜಾಸ್ತಿ.

ಸಾಮಾನ್ಯ ತಪ್ಪು ಹೀಗಿರುತ್ತದೆ. ಕೊಲೆಯಾದವನ ಮೇಜಿನ ಡ್ರಾಯರ್‌ನಲ್ಲಿ ಕಾಗದ. ಅದರಲ್ಲಿ ಗೋದಾಮಿನ ವಿಳಾಸ. ಡ್ರಾಯರ್ ಹುಡುಕಲು ದಾಳ ಹಾಕಬೇಕು. ದಾಳ ಬೀಳಲಿಲ್ಲ. ಮುಂದೆ? ಪುಸ್ತಕದ ಮುಂದಿನ ಅಧ್ಯಾಯ ನೇರ ಗೋದಾಮಿನಲ್ಲೇ ಶುರು. ಜಿಎಂ ಬೆವರು ಒರೆಸಿಕೊಂಡು "ಇನ್ನೊಮ್ಮೆ ಹಾಕಿ ನೋಡಿ" ಅನ್ನುತ್ತಾನೆ. ಇನ್ನೊಮ್ಮೆ ಹಾಕಿಸುವುದೇ ಆದರೆ ಮೊದಲು ಹಾಕಿಸಿದ್ದು ಯಾಕೆ?

ಇದಕ್ಕೆ ಎರಡು ಹೆಸರುವಾಸಿ ಮದ್ದು ಇವೆ. ಒಂದು, ರಾಬಿನ್ ಲಾಸ್ ಅವರ ಗಮ್‌ಶೂ ಪದ್ಧತಿ, 2007ರಲ್ಲಿ 'ದಿ ಎಸೊಟೆರರಿಸ್ಟ್ಸ್' ಜೊತೆ ಬಂತು. ಸರಿಯಾದ ಕೌಶಲ ಇರುವವರು ಸರಿಯಾದ ಜಾಗದಲ್ಲಿ ಹುಡುಕಿದರೆ ಮುಖ್ಯ ಸುಳಿವು ದಾಳವಿಲ್ಲದೇ ಸಿಗುತ್ತದೆ. ಸುಳಿವು ಸಿಗುವುದಕ್ಕಿಂತ ಅದನ್ನು ಏನು ಮಾಡುತ್ತೀರಿ ಅನ್ನುವುದು ಆಟ. ಎರಡು, ಅದೇ ಜಸ್ಟಿನ್ ಅಲೆಕ್ಸಾಂಡರ್ 2008ರಲ್ಲಿ ಬರೆದ ಮೂರು ಸುಳಿವಿನ ನಿಯಮ. ಆಟಗಾರರು ಯಾವುದಾದರೂ ತೀರ್ಮಾನಕ್ಕೆ ಬರಲೇಬೇಕು ಅಂದರೆ ಅದಕ್ಕೆ ಕನಿಷ್ಠ ಮೂರು ಸುಳಿವು ಇಡಿ. ಒಂದನ್ನು ನೋಡುವುದಿಲ್ಲ, ಇನ್ನೊಂದನ್ನು ತಪ್ಪು ಅರ್ಥ ಮಾಡಿಕೊಳ್ಳುತ್ತಾರೆ, ಮೂರನೆಯದು ಕೈಹಿಡಿಯುತ್ತದೆ.

ನನಗೆ ಎರಡನೆಯದು ಇಷ್ಟ, ಯಾಕೆಂದರೆ ಅದಕ್ಕೆ ಹೊಸ ನಿಯಮ ಪುಸ್ತಕ ಬೇಡ. ಆದರೆ ಸುಳಿವುಗಳು ಮೂರೂ ಒಂದೇ ತರ ಇದ್ದರೆ ಲೆಕ್ಕಕ್ಕಿಲ್ಲ. ಡ್ರಾಯರ್‌ನಲ್ಲಿ ಕಾಗದ, ಕಪಾಟಿನಲ್ಲಿ ಕಾಗದ, ಕೋಟಿನ ಜೇಬಿನಲ್ಲಿ ಕಾಗದ ಅಂತ ಇಟ್ಟರೆ ಕೋಣೆಯನ್ನೇ ಹುಡುಕದ ತಂಡಕ್ಕೆ ಒಂದೂ ಸಿಗುವುದಿಲ್ಲ. ಒಂದು ಕಾಗದ ಇರಲಿ. ಇನ್ನೊಂದು ಆ ಗೋದಾಮಿನ ಮಣ್ಣು, ಸತ್ತವನ ಚಪ್ಪಲಿಗೆ ಮೆತ್ತಿಕೊಂಡದ್ದು. ಮತ್ತೊಂದು ಬಾಯಿಬಿಡುವ ಗಾಡಿ ಹೊಡೆಯುವವನು. ಹುಡುಕುವವರಿಗೆ, ನೋಡುವವರಿಗೆ, ಮಾತಾಡಿಸುವವರಿಗೆ ಒಂದೊಂದು.

ಇವೆಲ್ಲ ಬರುವ ಮುಂಚೆಯೇ ಇದನ್ನು ದೊಡ್ಡದಾಗಿ ಮಾಡಿ ತೋರಿಸಿದ್ದು ಕೇಯಾಸಿಯಂ ಪ್ರಕಾಶನದ 'ಮಾಸ್ಕ್ಸ್ ಆಫ್ ನ್ಯಾರ್ಲಾಥೋಟೆಪ್', 1984. ನ್ಯೂಯಾರ್ಕಿನ ಹೋಟೆಲ್ ಕೋಣೆಯಲ್ಲಿ ಒಬ್ಬ ಸತ್ತುಬಿದ್ದಿದ್ದಾನೆ. ಅಲ್ಲಿ ಸಿಗುವ ಕಾಗದ ಪತ್ರಗಳು ಬೇರೆ ಬೇರೆ ಊರುಗಳ ಕಡೆ ಕೈತೋರಿಸುತ್ತವೆ: ಲಂಡನ್, ಕೈರೋ, ಕೀನ್ಯಾ, ಶಾಂಘೈ. ಯಾವ ಊರಿಗೆ ಮೊದಲು ಹೋಗಬೇಕು ಅಂತ ಪುಸ್ತಕ ಹೇಳುವುದಿಲ್ಲ. ಆ ಪತ್ರಗಳನ್ನು ಹ್ಯಾಂಡೌಟ್ ಮಾಡಿ ಆಟಗಾರರ ಕೈಗೇ ಕೊಡುವುದರಿಂದ ಸುಳಿವು ಮರೆತುಹೋಗುವ ಮಾತೂ ಇಲ್ಲ. ಕಣ್ಣೆದುರೇ ಹರಡಿಕೊಂಡಿರುತ್ತವೆ.

ಹೊಸಜಿಎಂ

ಅಣ್ಣಂದಿರೇ, ಅಕ್ಕಂದಿರೇ, ನಾನು ಇನ್ನೂ ಒಂದೂ ಆಡಿಸಿಲ್ಲ. ಇಷ್ಟೆಲ್ಲ ಓದಿ ಭಯ ಜಾಸ್ತಿ ಆಯಿತು. ರೈಲ್‌ರೋಡ್, ಅಂದರೆ ಆಟಗಾರರನ್ನು ಒಂದೇ ದಾರಿಯಲ್ಲಿ ಎಳೆದೊಯ್ಯುವುದು, ಕೆಟ್ಟದ್ದು ಅಂತ ಎಲ್ಲರೂ ಅನ್ನುತ್ತಾರೆ. ಆದರೆ ನನಗೆ ನೇರ ದಾರಿ ಇದ್ದರೇ ಧೈರ್ಯ. ಪೂರ್ತಿ ಬಯಲು ಕೊಟ್ಟರೆ ಏನು ಮಾಡಲಿ?

ಇಪ್ಪತ್ತುಮುಖ

ನೇರ ದಾರಿ ಕೆಟ್ಟದ್ದೇನಲ್ಲ. ಆಟಗಾರರು ಬೇರೆ ದಾರಿ ಕೇಳಿದಾಗ ಗೋಡೆ ಎಬ್ಬಿಸುವುದು ಕೆಟ್ಟದ್ದು. 2014ರ ಸ್ಟಾರ್ಟರ್ ಸೆಟ್‌ನಲ್ಲಿ ಬಂದ 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್' ಹಿಡಿಯಿರಿ. ಶುರುವಿನಲ್ಲಿ ದಾರಿ ಒಂದೇ. ಗಾಡಿಯಲ್ಲಿ ಹೋಗುವಾಗ ಗಾಬ್ಲಿನ್ ಅನ್ನುವ ಕುಳ್ಳ ದುಷ್ಟ ಜೀವಿಗಳ ದಾಳಿ, ಅವುಗಳ ಜಾಡು ಹಿಡಿದರೆ ಗುಹೆ. ಆ ಗುಹೆಯಲ್ಲೇ ಸಣ್ಣ ಆಯ್ಕೆಗಳು ಶುರುವಾಗುತ್ತವೆ. ತೋಳಗಳನ್ನು ಕಟ್ಟಿದ ಜಾಗದಿಂದ ಒಂದು ಬಿರುಕು ಹತ್ತಿದರೆ ನೇರ ನಾಯಕನ ಗುಹೆಗೇ ಹೋಗಬಹುದು. ಇನ್ನೊಂದು ಕಡೆ ಒಬ್ಬ ಗಾಬ್ಲಿನ್ ಒತ್ತೆಯಾಳನ್ನು ಹಿಡಿದುಕೊಂಡು ಚೌಕಾಸಿಗೆ ಬರುತ್ತಾನೆ: ನಮ್ಮ ನಾಯಕನನ್ನು ಮುಗಿಸಿ, ಇವನನ್ನು ಬಿಡುತ್ತೇನೆ. ಊರಿಗೆ ಬಂದಮೇಲೆ ಜನ ಬೇರೆ ಬೇರೆ ಕೆಲಸ ಹೇಳುತ್ತಾರೆ, ಯಾವುದನ್ನು ಮೊದಲು ಮಾಡಿದರೂ ನಡೆಯುತ್ತದೆ. ಆಟಗಾರರ ಜೊತೆ ಜಿಎಂಗೂ ನಿಧಾನಕ್ಕೆ ಅಭ್ಯಾಸ ಆಗುತ್ತದೆ. ಮೊದಲ ಗಾಬ್ಲಿನ್ ದಾಳಿ ಮಾತ್ರ ಹೊಸಬರಿಗೆ ಖಾರ, ಬೇಕಿದ್ದರೆ ಒಂದೆರಡು ಗಾಬ್ಲಿನ್ ಕಡಿಮೆ ಮಾಡಿ.

ಹಳೇದಾಳ

ಆ ಚೌಕಾಸಿ ಮಾಡುವ ಗಾಬ್ಲಿನ್ ಇದ್ದಾನಲ್ಲ, ಅವನು ಅಷ್ಟು ಚೆನ್ನಾಗಿರುವುದಕ್ಕೆ ಕಾರಣ ಇದೆ. ಅವನಿಗೆ ಏನೋ ಬೇಕು. ಕೋಣೆಯಲ್ಲಿ ಸುಮ್ನೆ ನಿಂತು ಯಾರಾದರೂ ಬಂದು ಕೊಲ್ಲಲಿ ಅಂತ ಕಾಯುತ್ತಿಲ್ಲ.

ಗೈಗ್ಯಾಕ್ಸ್ ಅವರ 'ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್' ಇವತ್ತಿನ ಕಣ್ಣಿಗೆ ಒಣ ಪುಸ್ತಕ. ಕೋಟೆಯ ಜನಕ್ಕೆ ಹೆಸರು ಕೂಡ ಕೊಟ್ಟಿಲ್ಲ. ಆದರೆ ಗುಹೆಗಳಲ್ಲಿ ಒಂದು ಕಡೆ ಹೀಗಿದೆ. ಗಾಬ್ಲಿನ್‌ಗಳಿಗೆ ಹೊಡೆತ ಬಿದ್ದರೆ, ಗುಪ್ತ ಬಾಗಿಲಿನ ಆಚೆ ಇರುವ ಓಗರ್ ಅನ್ನುವ ದೈತ್ಯನಿಗೆ ಚಿನ್ನದ ನಾಣ್ಯದ ಚೀಲ ಎಸೆಯುತ್ತಾರೆ. ಓಗರ್ ಬಂದು ಅವರ ಪರ ಹೊಡೆದಾಡುತ್ತಾನೆ. ಇಷ್ಟರಲ್ಲಿ ಎಷ್ಟು ವಿಷಯ ಬಂತು ನೋಡಿ. ಗಾಬ್ಲಿನ್‌ಗಳು ಏನು ಮಾಡುತ್ತಾರೆ, ಓಗರ್ ಎಂಥವನು, ಆಟಗಾರರು ಇನ್ನೂ ಜಾಸ್ತಿ ದುಡ್ಡು ತೋರಿಸಿದರೆ ಏನಾಗಬಹುದು. ಕೊನೆಯದನ್ನು ಪುಸ್ತಕ ಹೇಳಬೇಕಾಗಿಯೇ ಇಲ್ಲ, ನಿಮಗೇ ಹೊಳೆಯುತ್ತದೆ.

ಒಳ್ಳೇ ಅಡ್ವೆಂಚರ್‌ನಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ಪಕ್ಕದ ಕೋಣೆಯಲ್ಲಿ ಕತ್ತಿ ಸದ್ದು ಕೇಳಿದರೆ ಇಲ್ಲಿರುವವರು ಏನು ಮಾಡುತ್ತಾರೆ? ಆಟಗಾರರು ಒಂದು ವಾರ ತಡ ಮಾಡಿದರೆ? ನಾಯಕ ಸತ್ತರೆ ಯಾರು ಗದ್ದುಗೆ ಹಿಡಿಯುತ್ತಾರೆ? ಈ ಮೂರಕ್ಕೆ ಅರ್ಧ ಪುಟದಲ್ಲಿ ಉತ್ತರ ಇದ್ದರೆ ಉಳಿದದ್ದನ್ನು ನಾನು ನಡೆಸಿಕೊಂಡು ಹೋಗುತ್ತೇನೆ.

1983ರ 'ರೇವನ್‌ಲಾಫ್ಟ್' ಇನ್ನೊಂದು ದಾರಿ ಹಿಡಿಯಿತು, ಟ್ರೇಸಿ ಮತ್ತು ಲಾರಾ ಹಿಕ್‌ಮನ್ ಬರೆದಿದ್ದು. ರಕ್ತಪಿಶಾಚಿ ಎಲ್ಲಿ ಎದುರಾಗುತ್ತಾನೆ, ಅವನನ್ನು ಸೋಲಿಸಲು ಬೇಕಾದ ವಸ್ತುಗಳು ಎಲ್ಲಿವೆ, ಇದನ್ನೆಲ್ಲ ಇಸ್ಪೀಟ್ ಎಲೆಗಳಲ್ಲಿ ಭವಿಷ್ಯ ಹೇಳಿಸಿ ತೀರ್ಮಾನಿಸುತ್ತಾರೆ. ಕೋಟೆ ಅದೇ, ಕೋಣೆಗಳು ಅವೇ. ಎಲೆ ಬದಲಾದರೆ ಆಟ ಬದಲು. ಆಟಗಾರರ ಎದುರೇ ಎಲೆ ತೆರೆಯುವುದರಿಂದ ಅದು ಜಿಎಂ ಮಾಡಿದ ಮೋಸ ಅನ್ನಿಸುವುದೂ ಇಲ್ಲ. ನನಗೆ ಗೊತ್ತಿರುವ ಜಾಣ ಉಪಾಯಗಳಲ್ಲಿ ಇದೂ ಒಂದು.

ಇಪ್ಪತ್ತುಮುಖ

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಈಗ ನನ್ನ ದಪ್ಪ ಪುಸ್ತಕವನ್ನು ಏನು ಮಾಡಲಿ? ಎಸೆಯಲು ಮನಸ್ಸಿಲ್ಲ, ದುಬಾರಿ ಬೇರೆ.

ಪುಟಕಟ್ಟುವವಳು

ಪೂರ್ತಿ ಮತ್ತೆ ಬರೆಯಬೇಡಿ, ಅದು ಮುಗಿಯದ ಕೆಲಸ. ಪಾತ್ರಗಳ ಪಟ್ಟಿಯೊಂದೇ ಮಾಡಿ. ಒಂದು ಹಾಳೆ, ಒಬ್ಬೊಬ್ಬರಿಗೆ ಒಂದು ಸಾಲು: ಹೆಸರು, ಏನು ಬೇಕು, ಏನು ಬಚ್ಚಿಡುತ್ತಿದ್ದಾರೆ, ಪುಸ್ತಕದಲ್ಲಿ ಯಾವ ಯಾವ ಪುಟ. ಪಿಡಿಎಫ್ ಇದ್ದರೆ ಪ್ರತಿ ಹೆಸರನ್ನೂ ಹುಡುಕಿ, ಎಲ್ಲೆಲ್ಲಿ ಬರುತ್ತದೆ ನೋಡಿ. ಅರ್ಧ ದಿನದಲ್ಲಿ ಮುಗಿಯುತ್ತದೆ. ಕೋಣೆಗಳಿಗೆ ಅಷ್ಟೂ ಬೇಡ. ಜೇಡದಂಥ ಸಾಲುಗಳ ಕೆಳಗೆ ಪೆನ್ಸಿಲ್ ಗೆರೆ ಎಳೆದರೆ ಸಾಕು.

ಹೊಸಜಿಎಂ

ಇಂಥ ಪಟ್ಟಿಯನ್ನು ಪುಸ್ತಕ ಮಾಡಿದವರೇ ಯಾಕೆ ಹಾಕುವುದಿಲ್ಲ? ಅವರ ಕಣ್ಣಿಗೆ ಇದು ಬೀಳುವುದಿಲ್ವಾ?

ಪದಕ್ಕಿಷ್ಟು

ಬೀಳುವುದಿಲ್ಲ, ತಮ್ಮಾ. ಬರೆದವರು ತಾವೇ ಆಡಿಸಿ ನೋಡುತ್ತಾರೆ. ಅವರ ತಲೆಯಲ್ಲಿ ಎಲ್ಲ ಇದೆ, ಪುಸ್ತಕ ತೆರೆಯುವುದೇ ಇಲ್ಲ. ಆಟ ಸೊಗಸಾಗಿ ನಡೆಯುತ್ತದೆ, ಅಡ್ವೆಂಚರ್ ಚೆನ್ನಾಗಿದೆ ಅಂದುಕೊಳ್ಳುತ್ತಾರೆ. ಪರೀಕ್ಷೆಯಾಗಿದ್ದು ಬರೆದವರ ನೆನಪು. ಪುಸ್ತಕದ ಪರೀಕ್ಷೆ ಆಗಲೇ ಇಲ್ಲ.

ಆಗಬೇಕಾದದ್ದು ಬೇರೆ. ಅದನ್ನು ಒಮ್ಮೆಯೂ ನೋಡದ ಜಿಎಂ ಕೈಗೆ ಕರಡು ಕೊಟ್ಟು, ಬರೆದವರು ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂರಬೇಕು. ಏನು ಕೇಳಿದರೂ ಉತ್ತರ ಕೊಡಬಾರದು. ಆ ಜಿಎಂ ಎಲ್ಲೆಲ್ಲಿ ಪುಟ ಹಿಂದೆಮುಂದೆ ತಿರುವುತ್ತಾರೆ, ಯಾವ ಪ್ರಶ್ನೆಗೆ "ಒಂದು ನಿಮಿಷ" ಅನ್ನುತ್ತಾರೆ, ಯಾವ ಕೋಣೆಯಲ್ಲಿ ಪುಸ್ತಕ ಬಿಟ್ಟು ತಾವೇ ಕಟ್ಟಿ ಹೇಳುತ್ತಾರೆ, ಅಷ್ಟನ್ನೇ ಬರೆದುಕೊಳ್ಳಬೇಕು. ಆಟ ಚೆನ್ನಾಗಿತ್ತಾ ಅಂತ ಆಮೇಲೆ ಕೇಳಿದರೆ ಎಲ್ಲರೂ "ಸೂಪರ್" ಅನ್ನುತ್ತಾರೆ, ಅದನ್ನು ನಂಬಬೇಡಿ. ಪುಟ ತಿರುವಿದ ಜಾಗಗಳನ್ನು ನಂಬಿ. ಇದಕ್ಕೆ ಹೊತ್ತು ಬೇಕು, ದುಡ್ಡು ಬೇಕು. ಅಚ್ಚಿಗೆ ಹೋಗುವ ಗ‌ಡಿಬಿಡಿಯಲ್ಲಿ ಮೊದಲು ಕೈಬಿಟ್ಟುಹೋಗುವುದು ಇದೇ.

ನಕ್ಷೆಹುಚ್ಚಿ

ನನ್ನ ಹತ್ತಿರ ಹನ್ನೆರಡು ಕೋಣೆಯ ಒಂದು ಕರಡು ಇದೆ, ನಕ್ಷೆ ಸಮೇತ. ಹೊಸಜಿಎಂ, ನೀವು ಒಂದೂ ಆಡಿಸಿಲ್ಲ ಅಂದಿರಿ. ಅಂಥವರೇ ನನಗೆ ಬೇಕು. ಆನ್‌ಲೈನ್‌ನಲ್ಲಿ ಆಡಿಸುತ್ತೀರಾ? ನಾನು ಮೈಕ್ ಆಫ್ ಮಾಡಿಕೊಂಡು ಕೂರುತ್ತೇನೆ. ಪದಕ್ಕಿಷ್ಟು ಸರ್, ಸುಮ್ನೆಆಡುವವಳು, ನೀವಿಬ್ಬರೂ ಆಟಗಾರರಾಗಿ ಬಂದರೆ ಒಳ್ಳೇದು.

ಸುಮ್ನೆಆಡುವವಳು

ಬರುತ್ತೇನೆ. ಚೌಕಟ್ಟಿನ ಪಠ್ಯ ಎಷ್ಟು ಸಾಲು ಇದೆ, ಮೊದಲೇ ಹೇಳಿಬಿಡಿ.

ನಕ್ಷೆಹುಚ್ಚಿ

ಎರಡು. ಒಂದು ಕೋಣೆಯಲ್ಲಿ ಮಾತ್ರ ಮೂರು.